ಅವ್ವ ಹೇಳಿದ ಸಾಕ್ಷಿ

ನನ್ನ ತಮ್ಮ ಸಾಚಾ ಮನುಷ್ಯ ಎಂದು ನಾನೇನೂ ವಾದಿಸುವುದಿಲ್ಲ. ಜಗಳದಲ್ಲಿ ಒಬ್ಬನ ತಲೆ ಒಡೆದ, ಜೈಲಿಗೆ ಹೋದ. ಅದು ಅವನೇ ಮಾಡಿಕೊಂಡದ್ದು. ಆದರೆ ಶಿಕ್ಷೆ ಕೊಟ್ಟ ಕೋರ್ಟು ಅವನ ಕಿವಿಯ ಮೇಲೆ ಲಾಠಿ ಬೀಸಿರಿ ಎಂದು ಬರೆದಿರಲಿಲ್ಲ. ಜೈಲಿನ ಇಬ್ಬರು ಸಿಪಾಯಿಗಳು ಬೀಸಿದರು, ಎಡಗಿವಿ ಹೋಯಿತು. ತಮ್ಮ ಒಳಗೆ ಕೂತೇ ಅವರ ಮೇಲೆ ಕೇಸು ಹಾಕಿದ. ನನಗೆ ಹೆದರಿಕೆಯಾಯಿತು, ಹೆಮ್ಮೆಯೂ ಆಯಿತು.

ಜೈಲಿನ ಡಾಕ್ಟರು ಅದು ಕಿವಿ ಸೋರುವ ಹಳೆಯ ಕಾಯಿಲೆ ಎಂದು ಬರೆದುಕೊಟ್ಟರು. ಹೊಡೆದ ಮರುದಿನ ಅವನನ್ನು ಕಂಡ ಹೊರಗಿನವಳು ಅವ್ವ ಒಬ್ಬಳೇ. ಭೇಟಿಯ ಗಾಜಿನಾಚೆ, ಕಿವಿಯಿಂದ ಇಳಿದ ರಕ್ತ ಕಾಲರಿನ ಮೇಲೆ ಒಣಗಿದ್ದನ್ನು ನೋಡಿ ಬಂದಿದ್ದಳು. ಇಡೀ ಕೇಸು ಅವಳ ಬಾಯಿಯ ಮೇಲೆ ನಿಂತಿತ್ತು.

ಆ ಬಾಯಿಯೋ, ದೇವರೇ ಗತಿ. ನಮ್ಮ ಮನೆಯಲ್ಲಿ ಕೆಟ್ಟದ್ದನ್ನು ಆಡುವಂತಿಲ್ಲ. ಅಸ್ತು ದೇವತೆಗಳು ಸುತ್ತಾಡುತ್ತಿರುತ್ತವೆ, ಕೇಳಿಸಿಕೊಂಡು 'ಅಸ್ತು' ಎಂದರೆ ಆಡಿದ್ದೇ ನಿಜವಾಗುತ್ತದೆ. ಅಕ್ಕಿ ತೀರಿದರೂ 'ಹೆಚ್ಚಾಗ್ಯಾವ' ಎನ್ನಬೇಕು. ಅಪ್ಪ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗಲೂ ಫೋನಿನಲ್ಲಿ 'ಆರಾಮ ಅದಾರ' ಎಂದವಳು ಅವ್ವ.

ನಮ್ಮ ಹಾಗೇ ವಿಜಯಪುರದ ಕಡೆಯಿಂದ ಈ ಮರಾಠಿ ಊರಿಗೆ ಬಂದು ನೆಲೆಸಿದ್ದ ನಮ್ಮ ವಕೀಲರು ಧನಕವಡಿಯ ನಮ್ಮ ಮನೆಗೇ ಬಂದು ಅವಳಿಗೆ ಹೇಳಿಕೊಟ್ಟರು.

"ಕಂಡದ್ದಷ್ಟ ಹೇಳ್ರಿ ಅವ್ವಾರ. ರಕ್ತ, ಕಾಲರು, ಎಡಗಿವಿ. ಸಾಕು."

"ಹೂನ್ರಿ," ಎಂದಳು.

ನ್ಯಾಯಾಧೀಶರು ಗದರುವವರಲ್ಲ. ಆ ದಿನ ಮಗ ಹೇಗಿದ್ದ ಎಂದು ಮರಾಠಿಯಲ್ಲಿ ಮೆತ್ತಗೆ ಕೇಳಿದರು. ಅವ್ವ ಸೆರಗು ಹೊದ್ದು ಕೈಮುಗಿದು, ತನಗೆ ಬಂದಷ್ಟು ಮರಾಠಿಯಲ್ಲಿ, ಆರಾಮವಾಗಿದ್ದ ಎಂದಳು. ನಮ್ಮ ವಕೀಲರು ಗಾಬರಿಯಾಗಿ ಕಿವಿಯ ವಿಚಾರ ಕೇಳಿದರು. ಕಿವಿಗೆ ಏನೂ ಆಗಿಲ್ಲ ಎಂದಳು. ಎದುರು ವಕೀಲರಿಗೆ ಏಳುವ ಕೆಲಸವೇ ಬೀಳಲಿಲ್ಲ.

ಹೊರಗೆ ಬಂದು ನಾನು ಜನ ನೋಡುವಂತೆ ಕೂಗಾಡಿದೆ.

"ಯಾಕವ್ವಾ ಹಂಗಂದಿ?"

"ನನ್ನ ಮಗ ಕಿವುಡ ಅಂತ ನನ್ನ ಬಾಯಿಲೆ ಹೆಂಗ ಅನ್ನಲಿ? ಅವಗ ಇನ್ನೊಂದು ಕಿವಿ ಉಳದದ."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಅಳು ಬಂತು.

ಕೇಸು ವಜಾ ಆಯಿತು. ಹೆತ್ತ ತಾಯಿಯೇ ಮಗ ಚೆನ್ನಾಗಿದ್ದ ಎಂದಿದ್ದಾಳೆ ಎಂದು ತೀರ್ಪಿನಲ್ಲಿ ಬರೆದಿದ್ದರು. ಸಿಪಾಯಿಗಳು ಅದೇ ಜೈಲಿನಲ್ಲಿ ಕೆಲಸದಲ್ಲೇ ಉಳಿದರು. ಮುಂದಿನ ಭೇಟಿಯಲ್ಲಿ ನಾನು ತಮ್ಮನಿಗೆ ಎಲ್ಲ ಹೇಳಿದೆ. ಅವನು ಗಾಜಿನಾಚೆ ಫೋನನ್ನು ಬಲಗಿವಿಗೆ ಒತ್ತಿ ಹಿಡಿದು ಕೇಳಿಸಿಕೊಂಡ.

"ಅವ್ವಗ ಬೈಬ್ಯಾಡ," ಎಂದಷ್ಟೇ ಹೇಳಿದ.

ಬೈಯಲಿಲ್ಲ. ಆದರೆ ತೀರ್ಪಿನಲ್ಲಿ ಏನು ಬರೆದಿದೆ ಎಂದು ಅವಳೇ ಒಂದು ದಿನ ಕೇಳಿದಳು, ನಾನು ಓದಿ ಹೇಳಿದೆ. ಅಂದಿನಿಂದ ಅವ್ವ ಕಂಡವರಿಗೆಲ್ಲ ಹೇಳುತ್ತಾಳೆ. ಸ್ವಾರಗೇಟ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವವರಿಗೆ, ಸೊಪ್ಪು ಮಾರುವವಳಿಗೆ. ರಕ್ತ, ಕಾಲರು, ಎಡಗಿವಿ ಎಂದು ವಕೀಲರು ಕಲಿಸಿದ ಕ್ರಮದಲ್ಲೇ ಹೇಳುತ್ತಾಳೆ, ಒಂದು ಮಾತೂ ತಪ್ಪುವುದಿಲ್ಲ. ಸೊಪ್ಪಿನವಳು ಪಾಪ ಎನ್ನುತ್ತಾಳೆ, ಕೊತ್ತಂಬರಿ ಕಟ್ಟಿ ಕೊಡುತ್ತಾಳೆ, ಮುಂದಿನ ಗಿರಾಕಿಯ ಕಡೆ ತಿರುಗುತ್ತಾಳೆ.