ಎಕ್ ಎಂಬ ತುಂಡು

ಲ್ಯಾರಿಂಜೆಕ್ಟಮಿ. ಅಣ್ಣನ ಗಂಟಲಿನ ಕ್ಯಾನ್ಸರಿಗೆ ಮರುದಿನ ಆಗಬೇಕಿದ್ದ ಆಪರೇಷನ್ನಿನ ಹೆಸರು. ಮೂಡಿಗೆರೆಯಿಂದ ಮಂಗಳೂರಿನ ಆಸ್ಪತ್ರೆಗೆ ಹೊರಟ ಜೀಪಿನಲ್ಲಿ ಅವನು ಅದನ್ನು ಹೇಳಲು ಕಲಿಯುತ್ತಿದ್ದ. ಇದು ಘಾಟಿಯಲ್ಲಿ ನಡೆಯಿತು ಎಂದು ಬರೆಯಲು ಮನಸ್ಸಾಗುತ್ತದೆ. ತಿರುವುಗಳು ಪದದ ತುಂಡುಗಳಿಗೆ ಚೆನ್ನಾಗಿ ಹೊಂದುತ್ತವೆ. ಆದರೆ ಜೀಪು ಇನ್ನೂ ಬಸ್ ಸ್ಟ್ಯಾಂಡಿನ ಹತ್ತಿರ ಡೀಸೆಲ್ಲಿಗೆ ನಿಂತಿತ್ತು ಅನ್ನುವುದೇ ಹೆಚ್ಚು ನಿಜವಿರಬೇಕು.

"ಲಾರಿ ಇಂಜಿನ್ ಟಮ್ಮಿ," ಅಂದ. ದನಿ ಆಗಲೇ ಒಡೆದಿತ್ತು.

"ಲಾರಿ ಅಲ್ಲ ಮಾರಾಯ. ಲ್ಯಾರಿಂಜ್. ಎಕ್. ಟಮಿ," ಅಂದೆ.

ಔಷಧದಂಗಡಿ ನಡೆಸುವ ನನಗೆ ಇಂಥ ಗ್ರೀಕ್ ಪದಗಳನ್ನು ಒಡೆದು ನೋಡುವುದು ಚಟ. ಲ್ಯಾರಿಂಜ್ ಅಂದರೆ ಗಂಟಲಪೆಟ್ಟಿಗೆ, ಟಮಿ ಅಂದರೆ ಕತ್ತರಿಸುವುದು. ಎಕ್ ಅಂದರೆ ಹೊರಕ್ಕೆ. ಅದನ್ನೂ ಹೇಳಿದ್ದೆ ಅಂದುಕೊಂಡಿದ್ದೇನೆ.

"ಕತ್ತರ್ಸೋದು ಅಂದ್ರೆ ನಮ್ ಮರಗಸಿ ಇದ್ದಂಗೆ," ಎಂದ. ಅವನ ತೋಟದಲ್ಲಿ ನೆರಳಿನ ಮರಗಳ ರೆಂಬೆ ಸವರಿ ಕಾಫಿಗೆ ಬಿಸಿಲು ಬಿಡುವ ಕೆಲಸ ಅದು. "ಈ ವರ್ಷ ಬೋಳು, ಮುಂದಿನ ಮಳೆಗೆ ಚಿಗುರು. ಆಮೇಲೆ ನೋಡು, ನನ್ ಕೂಗಿಗೆ ಆಳುಗಳು ಕಿವಿಗೆ ಹತ್ತಿ ಇಟ್ಕಬೇಕು."

"ಅಲ್ಲೀವರೆಗೆ ನಮ್ ಕಿವಿಗಾದ್ರೂ ರಜೆ," ಅಂದರು ಹಿಂದಿನ ಸೀಟಿನಿಂದ ಅತ್ತಿಗೆ.

ಮೂವರೂ ನಕ್ಕೆವು. ತಮಾಷೆಯೆಂದು ನಕ್ಕಿದ್ದು ಅತ್ತಿಗೆ, ನಾನು ಮಾತ್ರ. ಡಾಕ್ಟರು ಕನ್ನಡದಲ್ಲೇ "ಗಂಟಲಪೆಟ್ಟಿಗೆ ತೆಗೀತೀವಿ" ಅಂದಿದ್ದರು. ತೋಟದವನಿಗೆ ರೆಂಬೆ ತೆಗೆಯುವುದೂ ತೆಗೆಯುವುದೇ.

ಸಂಜೆ ವಾರ್ಡಿಗೆ ಅಣ್ಣನ ಮಗಳ ಫೋನು ಬಂತು, ಚಿಕ್ಕಮಗಳೂರಿನ ಹಾಸ್ಟೆಲಿನಿಂದ. ಪರೀಕ್ಷೆ ಇದೆ, ಬರಬೇಡ ಎಂದು ಅವನೇ ಅವಳನ್ನು ತಡೆದಿದ್ದ. "ಗಂಟಲು ನೋಯ್ತದೆ ಪುಟ್ಟಿ. ಹುಷಾರಾದ್ಮೇಲೆ ಪೂರ್ತಿ ಮಾತಾಡಣ," ಎಂದು ಇಟ್ಟುಬಿಟ್ಟ.

ಆಪರೇಷನ್ ಆಗಿ ಕೆಲವು ದಿನಗಳ ಮೇಲೆ, ಕತ್ತಿನಲ್ಲಿ ಉಸಿರಿಗೆಂದು ಮಾಡಿದ್ದ ತೂತಿನ ಬಳಿ ಮುಟ್ಟಿಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ಸ್ವಲ್ಪ ಜಾಗ ಬಿಟ್ಟು ನನ್ನತ್ತ ಹಿಡಿದ. ಚಿಗುರು ಎಷ್ಟು ಬಂದಿದೆ ಎಂದು ತೋಟದ ಮೇಸ್ತ್ರಿಯನ್ನು ದೂರದಿಂದ ಕೇಳುವ ಸನ್ನೆ.

"ಬರಲ್ಲ ಅಣ್ಣ. ಬುಡಸಮೇತ ಹೋಯ್ತು," ಎಂದು ನಾನು ಹೇಳಿದೆನಂತೆ. ಅತ್ತಿಗೆ ಹಾಗೆನ್ನುತ್ತಾರೆ. ನನಗೆ ನೆನಪಿರುವುದು ಅವನು ಆ ಬೆರಳುಗಳನ್ನು ಬಹಳ ಹೊತ್ತು ಕೂಡಿಸದೆ ಹಾಗೇ ಹಿಡಿದುಕೊಂಡಿದ್ದು ಮಾತ್ರ.

ಆಮೇಲೆ ತನ್ನ ಮೊಬೈಲಿಗೆ ಕೈ ಚಾಚಿದ. ಮಗಳಿಗೆ ಏನೋ ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ಅವಳ ನಂಬರು ಒತ್ತಿ ಫೋನನ್ನು ನನ್ನ ಕೈಗೆ ಕೊಟ್ಟ.

ಅವಳು ಕೂಡಲೇ ಎತ್ತಿ, "ಅಪ್ಪಾ, ಹೇಳಿ," ಅಂದಳು.