ಕೌಜಲಗಿ ಆಯಿಯ ಬಾಯಿಗೆ ನೀರು

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಗಾದೆ ಕಟ್ಟಿದವರು ಯಾರೋ, ಅವರು ನಮ್ಮ ಕೇರಿಯ ಹೆಂಗಸರನ್ನು ಕಂಡವರಲ್ಲ. ನಾನು ಮೂಡಲಗಿಯಿಂದ ಹುಕ್ಕೇರಿಗೆ ಬಂದು ಮೂರು ವರ್ಷ ಒಂದು ಮನೆಯಲ್ಲಿ ದುಡಿದೆ. ಆ ಮನೆಯ ಕುಡಿಯುವ ನೀರಿನ ಕೊಡವನ್ನು ಒಂದು ದಿನವೂ ಮುಟ್ಟಲಿಲ್ಲ.

ಮನೆಯೆಂದರೆ ಸಂಸಾರದ ಮನೆಯಲ್ಲ. ಊರ ಹೊರಗಿನ ಹಳೆಯ ಅರಳೆ ಗೋದಾಮನ್ನು ಯಾರೋ ಸಾಹುಕಾರರು ಧರ್ಮಕ್ಕೆ ಬಿಟ್ಟುಕೊಟ್ಟಿದ್ದರು. ಅಲ್ಲಿ ದಿಕ್ಕಿಲ್ಲದ ಮುದುಕ ಮುದುಕಿಯರು ಹದಿನಾಲ್ಕು ಜನ ಇದ್ದರು. ಬಾಗಿಲ ಮೇಲಿನ ಬೋರ್ಡಿಗೆ ಉದ್ದನೆಯ ಹೆಸರಿತ್ತು, ಮಂದಿ ಮಾತ್ರ ‘ಮುದುಕರ ಮನಿ’ ಅನ್ನುತ್ತಿದ್ದರು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ನಾಲ್ಕೈದು ವರ್ಷವಾಗಿತ್ತು. ಮೇಲೆ ನೋಡಿಕೊಳ್ಳಲು ಒಬ್ಬ ಮ್ಯಾನೇಜರು, ಅಡುಗೆಗೆ ಒಬ್ಬ ಅಕ್ಕ, ಉಳಿದದ್ದಕ್ಕೆಲ್ಲ ನಾನು. ಉಳಿದದ್ದೆಂದರೆ ಹೇಲು ಉಚ್ಚೆ ಬಳಿಯುವುದು, ಹುಣ್ಣು ತೊಳೆಯುವುದು, ಜಳಕ ಮಾಡಿಸುವುದು, ಎತ್ತಿ ಕೂಡಿಸುವುದು. ಅದಕ್ಕೆಲ್ಲ ನನ್ನ ಕೈ ನಡೆಯುತ್ತಿತ್ತು. ಅನ್ನ ಮತ್ತು ಕುಡಿಯುವ ನೀರು ಅಡುಗೆ ಅಕ್ಕನ ಕೈಯಿಂದಲೇ ಆಗಬೇಕು. ಇದನ್ನು ಯಾರೂ ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಆ ಹೊತ್ತಿಗೆ ನಮ್ಮ ಅಣ್ಣ ಕೇರಿಯ ಇನ್ನಷ್ಟು ಮಂದಿಯ ಜೊತೆ ಬೌದ್ಧನಾಗಿದ್ದ. ಗಂಡ ಸತ್ತ ತಂಗಿ ಇಂಥ ಕೆಲಸಕ್ಕೆ ಹೋಗುವುದು ಅವನಿಗೆ ಸೇರುತ್ತಿರಲಿಲ್ಲ. “ನಿನ್ನ ಕೈಯಾಗಿನ ನೀರ ಕುಡೀದವರ ಹೇಲ ಬಳೀತಿ, ನಾಚಿಕಿ ಬರೂದಿಲ್ಲೇನ ನಿನಗ?” ಎಂದು ಬೈಯುತ್ತಿದ್ದ. “ನೀ ಎರಡ ಹೊತ್ತು ಕೂಳ ಹಾಕ್ತೀಯೇನ? ಹಾಕಿದ್ರ ನಾಳಿಂದ ಬಿಡ್ತೇನಿ,” ಎಂದು ನಾನೂ ತಿರುಗಿಸಿ ಬೈದೆ. ಅವನ ಮಾತು ಖರೆ ಇತ್ತು, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದದ್ದು.

ಆ ಮನೆಯಲ್ಲಿ ಕೌಜಲಗಿ ಕಡೆಯ ಒಬ್ಬ ಮುದುಕಿ ಇದ್ದಳು. ಎಲ್ಲರೂ ಅವಳನ್ನು ಕೌಜಲಗಿ ಆಯಿ ಅನ್ನುತ್ತಿದ್ದೆವು. ಒಕ್ಕಲುತನದ ದೊಡ್ಡ ಮನೆಯವಳು, ಮಕ್ಕಳಿಲ್ಲ. ಗಂಡ ಸತ್ತ ಮೇಲೆ ಮೈದುನನ ಮಕ್ಕಳು ಚಕ್ಕಡಿಯಲ್ಲಿ ತಂದು ಇಳಿಸಿ, ಚಕ್ಕಡಿ ತಿರುಗಿಸಿಕೊಂಡು ಹೋದರಂತೆ. ಬಾಯಿ ಬಲು ಜೋರು. ನಾನು ಮೈ ಉಜ್ಜುವಾಗ “ಏ, ತೊಗಲ ಸುಲೀತಿಯೇನ? ನಾ ಕುರಿ ಅಲ್ಲ,” ಅನ್ನುವಳು. “ಕುರಿ ಆಗಿದ್ರ ಇಷ್ಟು ಒದರತಿರಲಿಲ್ಲ ಬಿಡ್ರಿ,” ಎಂದರೆ ಬೊಚ್ಚುಬಾಯಿ ತೆರೆದು ನಗುವಳು. ಅವಳ ಮೇಲೆ ನನಗೆ ಜೀವ ಇತ್ತು. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಒಂದು ಬೇಸಿಗೆಯಲ್ಲಿ ಅವಳಿಗೆ ವಾಂತಿ ಭೇದಿ ಶುರುವಾಯಿತು. ಅಡುಗೆ ಅಕ್ಕ ಸಂತೆಗೆ ಹೋಗಿದ್ದಳು. ಆಯಿ “ನೀರು, ನೀರು” ಅನ್ನುತ್ತಿದ್ದಳು. ಕೊಡ ಆರು ಮಾರು ದೂರದಲ್ಲಿತ್ತು. “ನಾ ಕೊಡಲೇನ್ರಿ?” ಎಂದು ಕೇಳಿದೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಅಕ್ಕ ಬರುವ ತನಕ ಅವಳ ಹಣೆ ಹಿಡಿದುಕೊಂಡು ಕೂತೆ. ಸಾಯಲಿ ಮುದುಕಿ ಎಂದೂ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಗುಣವಾಗಿ ಎದ್ದ ಎಂಟು ದಿನಕ್ಕೆ, ನಾನು ಅವಳ ತಲೆ ಹಿಕ್ಕುವಾಗ ಮೆಲ್ಲಗೆ ಕೇಳಿಕೊಂಡಳು. “ತಂಗಿ, ನಾ ಸಾಯೂ ಮುಂದ ಬಾಯಾಗ ನೀರ ನೀನ ಬಿಡು.”

ಬಾಚುವ ಹಣಿಗೆ ಕೈಯಲ್ಲೇ ನಿಂತಿತು. ಸಾಯುವವರ ಬಾಯಿಗೆ ಕೊನೆಯ ನೀರು ಬಿಡುವವರು ಮಕ್ಕಳು, ಮೊಮ್ಮಕ್ಕಳು. ಬಾಯಾಗ ನೀರ ಬಿಡಾಕ ಯಾರೂ ಇಲ್ಲದಂಗ ಆಗಲಿ ಎನ್ನುವುದು ನಮ್ಮ ಕಡೆ ಎಲ್ಲಕ್ಕಿಂತ ಕೆಟ್ಟ ಶಾಪ.

“ಈಗ ಕುಡೀರಿ ಹಂಗಾದ್ರ. ತರಲೇನು?” ಎಂದೆ.

“ಈಗ ಬ್ಯಾಡವ್ವಾ. ಮಂದಿ ಏನಂದಾರು? ಸಾಯೂ ಮುಂದ ಯಾರ ಏನ ಅಂದ್ರ ನನಗೇನು. ಇಲ್ಲಿ ಬಂದ ಮ್ಯಾಲ ನನ್ನ ಮೈ ಮುಟ್ಟಿದಾಕಿ ನೀ ಒಬ್ಬಾಕಿನ. ಬಿಡ್ತೇನಿ ಅನ್ನು.”

ಸಿಟ್ಟು, ಅಳು ಎರಡೂ ಬಂದವು. ಬಿಡ್ತೇನಿ ಎಂದೆ. ಅವಳು ಅದನ್ನು ಮುಚ್ಚಿಡಲಿಲ್ಲ. ಸಂಜೆಯೊಳಗೆ ಅಡುಗೆ ಅಕ್ಕನಿಗೂ ಉಳಿದ ಹದಿಮೂರು ಜನಕ್ಕೂ ಹೇಳಿಯಾಗಿತ್ತು.

ಮರುವರ್ಷ ಸರಕಾರದಿಂದ ಕಾಗದ ಬಂತು. ಇಂಥ ಮನೆಗಳಲ್ಲಿ ಪ್ರಥಮ ಚಿಕಿತ್ಸೆ ಕಲಿತವರು ಒಬ್ಬರಾದರೂ ಇರಲೇಬೇಕು, ಗೋಕಾಕದಲ್ಲಿ ಎಂಟು ದಿನ ಕಲಿಸುತ್ತಾರೆ, ಕಳಿಸಿರಿ ಎಂದು. ಮ್ಯಾನೇಜರು ತನಗೆ ಪುರುಸೊತ್ತಿಲ್ಲ ಎಂದರು. ಅಡುಗೆ ಅಕ್ಕ “ಕಂಡಕಂಡವರ ಮೈ ನಾ ಮುಟ್ಟಾಕಿ ಅಲ್ಲ” ಎಂದಳು. ನಾನು ಸಾಲಿಯ ಕಟ್ಟೆಯ ಮೇಲೆ ಕೂತು ನಾಲ್ಕನೆಯ ಇಯತ್ತೆ ಓದಿದವಳು, ಸಹಿ ಬರುತ್ತಿತ್ತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ನನ್ನನ್ನು ಘಟಪ್ರಭೆಯ ಮೇಲೆ ಗೋಕಾಕಕ್ಕೆ ಹೋಗುವ ಬಸ್ಸಿಗೆ ಹತ್ತಿಸಿದರು.

ಒಂದು ದವಾಖಾನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕ್ಲಾಸು. ಇಪ್ಪತ್ತು ಗಂಡಸರು, ಹೆಂಗಸು ನಾನೊಬ್ಬಳು. ಮುದಿ ಕಂಪೌಂಡರೊಬ್ಬರು ಕಲಿಸುತ್ತಿದ್ದರು. ಎಲ್ಲರೂ ಜೋಡಿ ಜೋಡಿಯಾಗಿ ಒಬ್ಬರ ಕೈಕಾಲಿಗೆ ಒಬ್ಬರು ಪಟ್ಟಿ ಕಟ್ಟುವಾಗ ನನಗೆ ಜೋಡಿ ಸಿಗಲಿಲ್ಲ. ಎಂಟು ದಿನವೂ ಬೆಂಚಿನ ಕಾಲಿಗೆ ಕಟ್ಟಿದೆ. ಆ ಬೆಂಚಿನ ಎಲುಬು ಎಷ್ಟು ಸಲ ಮುರಿಯಿತೋ, ಎಷ್ಟು ಸಲ ನಾನು ಕೂಡಿಸಿದೆನೋ!

ಐದನೆಯ ದಿನ ಎಚ್ಚರ ತಪ್ಪಿ ಬಿದ್ದವರ ಪಾಠ. ಮಗ್ಗಲಿಗೆ ಹೊರಳಿಸಿ ಮಲಗಿಸಬೇಕು, ಬಾಯಲ್ಲಿ ಏನಿದ್ದರೂ ಬೆರಳು ಹಾಕಿ ತೆಗೆಯಬೇಕು, ಬಿಗಿದ ಬಟ್ಟೆ ಸಡಿಲಿಸಬೇಕು, ಬೆಚ್ಚಗೆ ಹೊದಿಸಬೇಕು. ಕಂಪೌಂಡರು ಒತ್ತಿ ಹೇಳಿದರು, “ಹನಿ ನೀರ ಸುದ್ದಾ ಬಾಯಾಗ ಬಿಡಬ್ಯಾಡ್ರಿ. ನುಂಗೂ ಎಚ್ಚರ ಅವರಿಗಿರೂದಿಲ್ಲ. ನೀರು ಉಸರಿನ ನಳಿಗ್ಯಾಗ ಹೋಗತೈತಿ. ನಮ್ಮ ಮಂದಿ ನೀರ ಬಿಟ್ಟು ಎಷ್ಟ ಜನರನ್ನ ಕೊಂದಾರ, ದೇವರಿಗೇ ಗೊತ್ತು.”

ನನಗೆ ಹೋದ ವರ್ಷದ ಒಬ್ಬ ಮುದುಕ ನೆನಪಾದ. ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದ. ಸಾಯುತ್ತಾನೆಂದು ಅಡುಗೆ ಅಕ್ಕ ಓಡಿ ಬಂದು ಬಾಯಿಗೆ ನೀರು ಬಿಟ್ಟಿದ್ದಳು. ಗೊರಗೊರ ಸದ್ದು ಮಾಡುತ್ತ ಅವನ ಉಸಿರು ನಿಂತೇಹೋಯಿತು. ಪುಣ್ಯವಂತ, ನೀರು ಕುಡಿದು ಹೋದ ಎಂದಿದ್ದರು ಎಲ್ಲರೂ. ಶೆಡ್ಡಿನಲ್ಲಿ ಕೂತ ನನಗೆ ಆ ಗೊರಗೊರ ಸದ್ದು ಮತ್ತೆ ಕೇಳಿಸಿತು.

ಧೈರ್ಯ ಮಾಡಿ ಎದ್ದು ಕೇಳಿದೆ. “ಸಾಯಾಕ ಬಿದ್ದವರು ಮೊದಲ ಕೇಳಿಕೊಂಡಿದ್ರ ಏನ ಮಾಡಬೇಕ್ರಿ? ನೀನ ನೀರ ಬಿಡು ಅಂತ?”

“ಸಾಯತಾರ ಅಂತ ಹೇಳಾಕ ನೀ ಡಾಕ್ಟರೇನ? ನಿನ್ನ ಕೆಲಸ ಉಸರು ಉಳಸೂದು. ಕೂಡು ಕೆಳಗ.”

ಕೂತೆ. ಕೊನೆಗೆ ಸರ್ಟಿಫಿಕೇಟು ಕೊಟ್ಟರು. ಮ್ಯಾನೇಜರು ಅದಕ್ಕೆ ಕಟ್ಟು ಹಾಕಿಸಿ ಬಾಗಿಲ ಒಳಗೆ ತೂಗುಹಾಕಿದರು. ಊರಿಗೆ ಹೋದಾಗ ಅಣ್ಣನಿಗೆ ಹೇಳಿದೆ, ಅವನು ಮೊದಲ ಸಲ ಶಹಬ್ಬಾಸ್ ಎಂದ. ಆಯಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು. ‘ಆಯಿ, ಎಚ್ಚರ ಇರುವಾಗಲೇ ಕುಡಿ, ಆಮೇಲೆ ನನ್ನಿಂದ ಆಗುವುದಿಲ್ಲ’ ಎನ್ನಬೇಕಿತ್ತು. ಇವತ್ತು ನಾಳೆ ಎಂದು ದಿನ ದೂಡಿದೆ. ಮುದುಕಿಗೆ ಸಾವಿನ ಮಾತು ಯಾಕೆ ಎಂದುಕೊಂಡೆ. ಖರೆ ಹೇಳಬೇಕೆಂದರೆ, ಅವಳು ನನ್ನನ್ನು ನಂಬಿದ್ದು ನನಗೆ ಬೇಕಾಗಿತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಚಳಿಗಾಲದ ಒಂದು ಮುಂಜಾನೆ ಗೋಡೆಯ ಮಗ್ಗಲು ಬಿಸಿಲಿಗೆ ಕೂಡಿಸಿ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಏನೋ ಬೈಯುತ್ತಿದ್ದವಳು ಮಾತಿನ ನಡುವೆಯೇ ನಿಂತಳು. ನೋಡಿದರೆ ಬಾಯಿ ಒಂದು ಕಡೆ ಸೊಟ್ಟಗಾಗಿ, ಮೈ ನನ್ನ ಮೇಲೆ ವಾಲುತ್ತಿತ್ತು. ಮ್ಯಾನೇಜರನ್ನು ಕೂಗಿ ಡಾಕ್ಟರರ ಹತ್ತಿರ ಸೈಕಲ್ಲಿನ ಮೇಲೆ ಓಡಿಸಿದೆ. ಆಯಿಯನ್ನು ಮಗ್ಗಲಿಗೆ ಹೊರಳಿಸಿದೆ. ಬಾಯಿಗೆ ಬೆರಳು ಹಾಕಿ ಎಲೆಅಡಿಕೆ ತೆಗೆದೆ, ಕುಪ್ಪಸದ ಗಂಟು ಬಿಚ್ಚಿದೆ, ಕೌದಿ ಹೊದಿಸಿದೆ. ಬೆಂಚಿನ ಕಾಲಿಗೆ ಕಟ್ಟಿ ಕಲಿತ ವಿದ್ಯೆ ಆದರೂ ಸರಿಯಾಗೇ ಕಲಿತಿದ್ದೆ.

ಮುದುಕ ಮುದುಕಿಯರೆಲ್ಲ ಸುತ್ತುಗಟ್ಟಿದರು. “ನೀರ ತರ್ರಿ, ನೀರ ತರ್ರಿ” ಎಂದು ಗದ್ದಲ. ಅಡುಗೆ ಅಕ್ಕ ತಾಮ್ರದ ತಂಬಿಗೆ ತುಂಬಿಕೊಂಡು ಬಂದಳು. ತಾನು ಬಿಡಲಿಲ್ಲ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ತಂಬಿಗೆಯನ್ನು ನೆಲಕ್ಕಿಡದೆ, ನನ್ನ ಕೈಗೇ ಕೊಟ್ಟಳು. ಬೆರಳಿಗೆ ಬೆರಳು ತಾಗಿತು.

“ನೀನ ಬಿಡವ್ವಾ. ಆಕಿ ನಿನಗ ಹೇಳ್ಯಾಳ.”

ಮೂರು ವರ್ಷದಲ್ಲಿ ಆ ಮನೆಯ ತಂಬಿಗೆ ನನ್ನ ಕೈಗೆ ಬಂದದ್ದು ಆಗಲೇ. ತಣ್ಣಗಿತ್ತು, ತುಂಬ ಭಾರವಾಗಿತ್ತು. ಹದಿಮೂರು ಜನ ನೋಡುತ್ತಿದ್ದರು, ಒಬ್ಬರೂ ಬೇಡ ಅನ್ನಲಿಲ್ಲ. ನಾನು ಆಯಿಯ ಕಿವಿಗೆ ಬಾಯಿ ಹಚ್ಚಿ “ಆಯಿ, ಕೇಳತೈತೇನ? ಕೇಳಿದ್ರ ನನ್ನ ಕೈ ಒತ್ತು” ಎಂದೆ. ಅವಳ ಕೈ ನನ್ನ ಕೈಯಲ್ಲಿತ್ತು. ಒತ್ತಲಿಲ್ಲ. ಮತ್ತೆ ಕೇಳಿದೆ, ಮತ್ತೆ ಕೇಳಿದೆ. ನಾಲಿಗೆಯ ತುದಿ ಒಮ್ಮೆ ತುಟಿಗೆ ಬಂದು ಹೋಯಿತು. ಅದು ನೀರು ಕೇಳಿದ್ದೋ, ಸುಮ್ಮನೆ ಬಂದದ್ದೋ ನನಗೆ ಇವತ್ತಿಗೂ ತಿಳಿದಿಲ್ಲ. ಉಸಿರು ಗೊರಕೆಯ ಹಾಗೆ ಎಳೆಯುತ್ತಿತ್ತು. ಆ ಮುದುಕನ ಗೊರಗೊರ ಸದ್ದು ನನ್ನ ತಲೆಯಿಂದ ಹೋಗಲೊಲ್ಲದು. ಡಾಕ್ಟರರು ಬಂದಾರು, ಉಳಿದಾಳು, ಉಳಿದರೆ ನಾಳೆ ಒಂದು ಕೊಡ ಕುಡಿಸುತ್ತೇನೆ ಎಂದುಕೊಂಡೆ.

“ಎಚ್ಚರ ಇಲ್ಲದವರಿಗೆ ನೀರ ಬಿಡಬಾರದು,” ಎಂದೆ.

“ಏನಂದಿ?” ಎಂದಳು ಅಕ್ಕ.

“ಬಿಟ್ರ ಉಸರ ಕಟ್ಟತೈತಿ. ನಾ ಕಲ್ತು ಬಂದೇನಿ.”

“ಹಗಿ ತೀರಸ್ಕೊಳ್ಳಾಕತ್ತಾಳ ನೋಡ್ರಿ,” ಎಂದ ಹಿಂದಿನಿಂದ ಒಬ್ಬ ಮುದುಕ. “ಇಷ್ಟ ದಿನ ನೀರ ಮುಟ್ಟಗೊಡಲಿಲ್ಲಂತ ಈಗ ಸಾಯಾಕಿ ಮ್ಯಾಲ ಸೇಡ!”

ಅಯ್ಯ ಶಿವನೇ! ಆ ಮುದುಕನ ಹುಣ್ಣನ್ನು ಆ ಬೆಳಿಗ್ಗೆ ತಾನೇ ತೊಳೆದಿದ್ದೆ. ಸಿಟ್ಟು ನೆತ್ತಿಗೇರಿತು, ಆದರೆ ತಂಬಿಗೆಯನ್ನು ಯಾರ ಕೈಗೂ ಕೊಡಲಿಲ್ಲ. ಕೊಟ್ಟರೆ ಯಾರಾದರೂ ಬಿಟ್ಟಾರೆಂದು ಎದೆಗೆ ಒತ್ತಿಕೊಂಡು ಕೂತೆ. ಬಿಸಿಲು ಗೋಡೆಯಿಂದ ಸರಿದು ಹೋಯಿತು. ಆಯಿಯ ಉಸಿರು ದೂರ ದೂರವಾಯಿತು, ಆಮೇಲೆ ಬರಲಿಲ್ಲ.

ಗಾಬರಿಯಾಗಿ ಬೆರಳು ಅದ್ದಿ ತುಟಿಗೆ ಹಚ್ಚಿದೆ. “ಜೀವ ಹೋದ ಮ್ಯಾಲ ಹಚ್ಚಿ ಏನ ಮಾಡ್ತಿ, ಬಿಡು,” ಎಂದಳು ಅಕ್ಕ. ಬೈಯಲಿಲ್ಲ, ಅಳುತ್ತಿದ್ದಳು.

ಡಾಕ್ಟರರು ಬಂದು ಕಣ್ಣು ಬಿಡಿಸಿ ನೋಡಿದರು. ನಾನು ಏನೇನು ಮಾಡಿದೆ ಎಂದು ಕೇಳಿಕೊಂಡರು. “ಬರೋಬ್ಬರಿ ಮಾಡೀದಿ. ನೀರ ಹಾಕಲಿಲ್ಲಲ್ಲ, ಶಾಣ್ಯಾಕಿ.”

“ಹಾಕಿದ್ರ ಏನ ಆಗತಿತ್ರಿ?”

“ಹಾಕಿದ್ರೂ ಅಷ್ಟ, ಹಾಕದಿದ್ರೂ ಅಷ್ಟ. ತಲಿಯೊಳಗಿನ ನರ ಹರದೈತಿ. ಯಾರ ಬಂದಿದ್ರೂ ಉಳೀತಿರಲಿಲ್ಲ,” ಎಂದು ಚೀಲ ಮುಚ್ಚಿದರು. ಮ್ಯಾನೇಜರು ಅವರನ್ನು ಬಾಗಿಲ ತನಕ ಕಳಿಸಲು ಹೋಗಿ, ನನ್ನ ಸರ್ಟಿಫಿಕೇಟು ತೋರಿಸಿದರು.

ನನ್ನ ಕೈಯಲ್ಲಿದ್ದ ತಂಬಿಗೆಯನ್ನು ಅಡುಗೆ ಅಕ್ಕ ತೆಗೆದುಕೊಂಡಳು. ನೀರು ಗಿಡಕ್ಕೆ ಚೆಲ್ಲಿ, ಹಿತ್ತಲಲ್ಲಿ ಕೂತು ಹುಣಸೆಹಣ್ಣು ಬೂದಿ ಹಾಕಿ ಗಸಗಸ ತಿಕ್ಕಿದಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. ತಲೆ ಎತ್ತಲಿಲ್ಲ.

ಮೈದುನನ ಮಕ್ಕಳಿಗೆ ಹೇಳಿ ಕಳಿಸಿದರೆ ಯಾರೂ ಬರಲಿಲ್ಲ. ಮಣ್ಣು ಮಾಡುವ ಮೊದಲು ಹೆಣಕ್ಕೆ ನೀರು ಹಾಕಬೇಕು. ಅದಕ್ಕೂ ಯಾರೂ ಮುಂದೆ ಬರಲಿಲ್ಲ, ಅದು ‘ಉಳಿದದ್ದರ’ ಪೈಕಿ ಎಂದಾಯಿತು. ಬಚ್ಚಲ ಕಲ್ಲಿನ ಮೇಲೆ ಗೋಡೆಗೆ ಆನಿಸಿ ಆಯಿಯನ್ನು ಕೂಡಿಸಿದೆ. ಅಕ್ಕ ನನ್ನ ಬಕೆಟಿಗೆ ದೂರದಿಂದ ನೀರು ಸುರಿದು ಹೋದಳು. ಒಳಗೆ ನಾವಿಬ್ಬರೇ. ನೆತ್ತಿಯ ಮೇಲೆ ಚೆಂಬಿನಿಂದ ಹೊಯ್ದೆ. ಗದ್ದಕ್ಕೆ ಕಟ್ಟಿದ್ದ ಅರಿವೆ ಒದ್ದೆಯಾಗಿ ಸಡಿಲಿ, ಬಾಯಿ ತೆರೆದುಕೊಂಡಿತು. ಮುಖದ ಮೇಲಿಂದ ಇಳಿದ ನೀರು ಬಾಯಿ ತುಂಬಿ ಎರಡೂ ಕಡೆಯಿಂದ ಹರಿಯಿತು. ಇನ್ನೊಂದು ಚೆಂಬು ಹೊಯ್ದೆ, ಮತ್ತೊಂದು ಹೊಯ್ದೆ.

“ಕುಡಿ ಆಯಿ, ಕುಡಿ,” ಎಂದೆ. “ನಾನ ಅದೇನಿ.”