ತಿರುವಿ ಹಾಕಿದ ರವಿಕೆ

ನಳಿನಿ ಮಾಡಿದ ತಪ್ಪು ಒಂದೇ. ರವಿಕೆ ಬಟ್ಟೆಯನ್ನು ಕತ್ತಲಾದ ಮೇಲೆ, ಅಂಗಡಿಯ ಟ್ಯೂಬ್‌ಲೈಟಿನ ಬೆಳಕಲ್ಲಿ ಕೊಂಡದ್ದು. ಬೇರೆ ಊರಲ್ಲಾದರೆ ಇದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಮ್ಮ ತಾಳೆಪೊಯಿಲ್‌ನಲ್ಲಿ ಇಷ್ಟಕ್ಕೇ ಹೆಣ ಬಿದ್ದರೂ ಬೀಳಬಹುದು.

ನಮ್ಮದು ಕಣ್ಣೂರಿನ ಕಡೆಯ ಊರು. ಊರ ನಡುವೆ ಹರಿಯುವ ತೋಡಿನ ಮೂಡಲಿಗೆ ನಾವು, ಕೆಂಪು ಬಾವುಟದವರು, ಪಡುವಲಿಗೆ ಕೇಸರಿಯವರು. ಚಹಾದಂಗಡಿ ಬೇರೆ, ಕ್ಷೌರದಂಗಡಿ ಬೇರೆ, ಬಸ್ಸಿಗೆ ಕಾಯುವ ಜಾಗವೂ ಬೇರೆ. ಇಬ್ಬರೂ ಒಂದೇ ನೆಲ ತುಳಿಯುವುದು ಓಣಂ ಹಬ್ಬಕ್ಕೆ ಕಲಾಸಮಿತಿ ಶಾಲೆ ಮೈದಾನದಲ್ಲಿ ನಡೆಸುವ ಕಾರ್ಯಕ್ರಮದ ದಿನ ಮಾತ್ರ. ಅದರಲ್ಲೂ ಹಗ್ಗಜಗ್ಗಾಟ ಹೊಡೆದಾಟಕ್ಕೆ ತಿರುಗಿ ನಿಂತುಹೋಗಿತ್ತು. ನಾಯಕನ ಪಾತ್ರ ಯಾವ ಕಡೆಯವನಿಗೆ ಅನ್ನುವ ಜಗಳದಲ್ಲಿ ನಾಟಕ ನಿಂತಿತ್ತು. ಉಳಿದದ್ದು ಹೆಂಗಸರ ಕೈಕೊಟ್ಟಿಕಳಿ ಒಂದೇ. ದೀಪದ ಸುತ್ತ ಹನ್ನೆರಡು ಹೆಂಗಸರು, ಪಕ್ಕದವಳ ಕಡೆ ತಿರುಗಿ ಅಂಗೈಗೆ ಅಂಗೈ ತಟ್ಟುವ ಆಟ. ಅದು ನಳಿನಿ ಕಟ್ಟಿದ್ದು, ಕಿರಿಯರಿಗೆಲ್ಲ ಅವಳು ನಳಿನೇಚಿ, ಅಂದರೆ ನಳಿನಿ ಅಕ್ಕ.

ಹನ್ನೊಂದು ವರ್ಷಕ್ಕೇ ಬೀಡಿ ಕಟ್ಟಲು ಕೂತವಳು ಅವಳು. ನಮ್ಮ ಬೀಡಿ ಶೆಡ್ಡಿನಲ್ಲಿ ಒಬ್ಬ ಗಟ್ಟಿಯಾಗಿ ಪೇಪರ್ ಓದುತ್ತಾನೆ, ಉಳಿದವರು ಕೇಳುತ್ತಾ ಎಲೆ ಸುತ್ತುತ್ತಾರೆ. ಓದುವವನು ಬಾರದ ದಿನ ನಳಿನಿ ಹಾಡುತ್ತಿದ್ದಳು. ಮುಷ್ಕರದಲ್ಲಿ ನಾನೂ ಅವಳೂ ಒಂದೇ ವ್ಯಾನಿನಲ್ಲಿ ಠಾಣೆಗೆ ಹೋದಾಗಲೂ ಹಾಡಿದಳು, ಪೊಲೀಸಿನವನು ಲಾಠಿ ತೋರಿಸಿದರೆ, "ತಾಳ ಹಾಕ್ತೀರಾ ಸಾರ್?" ಅಂದಳು. ಕೈಕೊಟ್ಟಿಕಳಿ ಆಗ ದೊಡ್ಡ ಮನೆಗಳ ಅಂಗಳದ ಆಟ. ನಮ್ಮ ಹೆಂಗಸರು ಬೇಲಿಯಾಚೆ ನಿಂತು ನೋಡಿ ಕಲಿತದ್ದು. ಅದನ್ನು ಬೇಲಿ ದಾಟಿಸಿ ಮೈದಾನಕ್ಕೆ ತಂದು, ತೋಡಿನ ಎರಡೂ ಕಡೆಯ ಹೆಂಗಸರನ್ನು ಒಂದೇ ಸುತ್ತಿನಲ್ಲಿ ನಿಲ್ಲಿಸಿದವಳು ಅವಳು. ನಿಲ್ಲುವುದು ಎತ್ತರದ ಪ್ರಕಾರ. ಜಾತಿ ಇಲ್ಲ, ಬಾವುಟ ಇಲ್ಲ.

ಆ ವರ್ಷ ವಿಷು ಹಬ್ಬ ಕಳೆದ ಮೇಲೆ ನಮ್ಮ ಕಡೆಯ ಸುನಿಲನ ಕಾಲು ಕಡಿದರು. ಮಂಡಿಯ ಕೆಳಗೆ ಏನೂ ಉಳಿಯಲಿಲ್ಲ. ಕೇಸಿನಲ್ಲಿ ಮೊದಲ ಆರೋಪಿ ಪಡುವಲಿನ ಶೈಜಳ ಅಣ್ಣ. ಸುನಿಲನ ಹೆಂಡತಿ ಪ್ರಸೀತ. ಎತ್ತರದ ಲೆಕ್ಕದಲ್ಲಿ ಸುತ್ತಿನಲ್ಲಿ ಶೈಜಳ ಪಕ್ಕ ನಿಲ್ಲುವವಳು ಪ್ರಸೀತ.

ಅಭ್ಯಾಸದಲ್ಲಿ ನಳಿನಿ ಕೈ ತಟ್ಟಿಸಲಿಲ್ಲ. ಬರೀ ಹೆಜ್ಜೆ ಹಾಕಿಸಿದಳು. ಪಡುವಲಿನವರು ಅಷ್ಟರಲ್ಲೇ ತಮ್ಮ ಗುಡಿಯ ಪಕ್ಕ ಬೇರೆ ಚಪ್ಪರ ಹಾಕಿಟ್ಟಿದ್ದರು. ಹೆಂಗಸರು ಅತ್ತ ಹೋದರೆ ಕಲಾಸಮಿತಿ ಎರಡು ಹೋಳು. ಆಮೇಲೆ ನಾವು ಎದುರುಬದುರಾಗುವ ಜಾಗ ಕೋರ್ಟು ಮತ್ತು ಆಸ್ಪತ್ರೆ, ಎರಡೇ.

ಇಂಥದ್ದರ ನಡುವೆ ರವಿಕೆಯ ಬಣ್ಣ. ಉಡುವುದು ಜರಿಯಂಚಿನ ಬಿಳಿ ಮುಂಡು. ರವಿಕೆ ಎಲ್ಲರದೂ ಒಂದೇ ಬಣ್ಣದ್ದಾಗಬೇಕು. ಕೆಂಪು ಬೇಡ, ಕೇಸರಿ ಬೇಡ, ಹಸಿರೂ ಬೇಡ, ಅದು ಮೂರನೇ ಪಾರ್ಟಿಯ ಬಾವುಟ. ಬಿಳಿ ಅಂದರೆ ಹೆಂಗಸರೇ ಒಪ್ಪಲಿಲ್ಲ, ಸಾವಿನ ಮನೆಗೆ ಹೊರಟ ಹಾಗೆ ಕಾಣುತ್ತದಂತೆ. ಕೊನೆಗೆ ಬದನೆಕಾಯಿ ಬಣ್ಣ ಅಂತ ತೀರ್ಮಾನವಾಯಿತು. ಶೆಡ್ಡು ಬಿಟ್ಟ ಮೇಲೆ ನಳಿನಿ ಪೇಟೆಗೆ ಹೋಗಿ ಬಟ್ಟೆ ತಂದು, ಹಾಗೇ ದರ್ಜಿಗೆ ಕೊಟ್ಟು ಬಂದಳು.

ಓಣಂನ ಹಿಂದಿನ ದಿನ ಬೆಳಿಗ್ಗೆ ಮೈದಾನದಲ್ಲಿ ಕಟ್ಟು ಬಿಚ್ಚಿದರೆ, ಬಿಸಿಲಿಗೆ ರವಿಕೆಗಳು ಕೆಂಪಗೆ ಉರಿದವು. ನಮ್ಮ ಮೆರವಣಿಗೆಯ ಬಾವುಟವನ್ನೇ ಕತ್ತರಿಸಿ ಹೊಲಿದ ಹಾಗೆ.

ಮೊದಲು ಮಾತಾಡಿದ್ದು ಶೈಜ. "ಇದೇನು ನಳಿನೇಚಿ, ನಮ್ಮನ್ನ ನಿಮ್ಮ ಪಾರ್ಟಿಗೆ ಸೇರಿಸಿಕೊಂಡ್ರಾ? ರಸೀದಿ ಎಲ್ಲಿ?"

"ಅಂಗಡೀಲಿ ಬದನೆಕಾಯೇ ಆಗಿತ್ತು ಕಣೇ."

"ಬದನೆಕಾಯಿ ಇಷ್ಟು ಹಣ್ಣಾಗೋದನ್ನ ನಾನು ನೋಡಿಲ್ಲ."

ಶೈಜ ರವಿಕೆಯನ್ನು ಬೆಂಚಿನ ಮೇಲಿಟ್ಟು ನಡೆದಳು. ಪಡುವಲಿನ ಉಳಿದ ಐವರೂ ಇಟ್ಟರು. ಗೇಟಿನ ಹತ್ತಿರ ನಿಂತಿದ್ದ ನಮ್ಮ ಹುಡುಗರು ಸಿಳ್ಳೆ ಹಾಕಿದರು. ಒಬ್ಬ ಹೇಳಿದ, "ಒಳ್ಳೇ ಕೆಲಸ ಮಾಡಿದ್ರಿ ನಳಿನೇಚಿ. ಪೀಡೆ ಹೋಯ್ತು." ನಳಿನಿ ಬೈದ ಬೈಗುಳವನ್ನು ಅಚ್ಚು ಹಾಕುವ ಹಾಗಿಲ್ಲ. ಅವನ ಅಜ್ಜಿಯವರೆಗೂ ಹೋಯಿತು.

ದರ್ಜಿ ಕುಂಞಂಬುವನ್ನು ಕೇಳಿದರೆ, "ನೋಡಿದೆ, ಕೆಂಪೇ. ಹೊಲಿಯೋನಿಗೆ ಯಾಕೆ ರಾಜಕೀಯ?" ಅಂದ.

ಸಮಿತಿಯ ಕಾರ್ಯದರ್ಶಿ ರಾಘವನ್ ಮಾಷ್, ರಿಟೈರಾದ ಮೇಷ್ಟರು, ತಲೆಗೆ ಕೈ ಹೊತ್ತು ಕೂತರು. "ಕಾರ್ಯಕ್ರಮ ರದ್ದು ಅಂತ ಮೈಕಿನಲ್ಲಿ ಹೇಳಿಸಿಬಿಡೋಣ."

"ಹೇಳ್ಸಿ. ನಾಳೆ ನಿಮ್ಮ ಮೈಕನ್ನ ಅವರ ಚಪ್ಪರಕ್ಕೇ ಬಾಡಿಗೆಗೆ ಕೊಡಿ," ಅಂದು ನಳಿನಿ ಒಂದು ರವಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತೋಡಿನ ಕಡೆ ಹೊರಟಳು. ಸುನಿಲನ ಕಾಲು ಹೋದ ಮೇಲೆ ನಮ್ಮವರು ಯಾರೂ ತೋಡಿನ ಮೇಲಿನ ಕಾಲುಸಂಕ ದಾಟಿರಲಿಲ್ಲ. ನಾನೂ ಹಿಂದೆ ಹೋದೆ.

"ನೀನು ಬಂದ್ರೆ ಅದು ಮೆರವಣಿಗೆ ಆಗುತ್ತೆ. ಇಲ್ಲೇ ಕೂತ್ಕೋ," ಅಂದಳು.

ಸಂಕದ ಆಚೆಗೇ ಶೈಜಳ ಮನೆ. ನಾನು ಈಚೆ ದಂಡೆಯಲ್ಲಿ ಕೂತೆ, ಮಾತು ಕೇಳುತ್ತಿತ್ತು. ಅಂಗಳದಲ್ಲಿ ಶೈಜಳ ತಾಯಿ ಚೀರು ಕೊಬ್ಬರಿ ಒಣಗಿಸುತ್ತಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಗಂಡಸರು ಎದ್ದು ನಿಂತರು. ಒಬ್ಬನ ಕೈ ಬೆನ್ನ ಹಿಂದಿತ್ತು.

"ಕೂತ್ಕೊಳ್ರೋ," ಅಂದಳು ಚೀರು. "ಬೀಡಿ ಕಟ್ಟೋ ಮುದುಕಿಗೆ ಎದ್ದು ನಿಲ್ತಾರಂತೆ, ಮಂತ್ರಿ ಬಂದ ಹಾಗೆ. ಬಾ ನಳಿನಿ. ಬಾವುಟ ಕಟ್ಟೋಕೆ ಬಂದ್ಯಾ?"

"ಬಿಚ್ಚೋಕೆ ಬಂದೆ." ನಳಿನಿ ರವಿಕೆಯನ್ನು ಒಳಹೊರಗು ಮಾಡಿ ಹಿಡಿದಳು. ಒಳಗಿನ ಲೈನಿಂಗ್ ಮಾಸಲು ಬಿಳಿ. "ಹೀಗೆ ತಿರುವಿ ಹಾಕ್ಕೊಳ್ಳೋಣ. ಹನ್ನೆರಡು ಜನಾನೂ."

"ಹೊಲಿಗೆ ಎಲ್ಲ ಹೊರಗೆ ಕಾಣುತ್ತಲ್ಲೇ. ಹುಚ್ಚರ ಹಾಗೆ."

"ಊರು ಇರೋ ಹಾಗೆ ನಾವು."

ಶೈಜ ಬಾಗಿಲಿಗೆ ಬಂದಳು. "ರವಿಕೆ ಒಂದು ನೆಪ ನಳಿನೇಚಿ. ನಿಮಗೂ ಗೊತ್ತು. ಪ್ರಸೀತ ನಂಗೆ ಕೈ ಕೊಡಲ್ಲ. ಊರಿಗೆ ಊರೇ ನೋಡ್ತಿರೋವಾಗ ನನ್ನ ಕೈ ಗಾಳೀಲಿ ನೇತಾಡಬೇಕು. ನಮ್ಮವರು ಸುಮ್ನಿರ್ತಾರಾ? ನನ್ನ ಜಾಗ ಬದಲಾಯಿಸಿ, ಬರ್ತೀನಿ."

"ಬದಲಾಯಿಸಲ್ಲ. ಇವತ್ತು ನಿನ್ನ ಜಾಗ ಬದಲಾಯಿಸಿದ್ರೆ ನಾಳೆ ಪ್ರತಿಯೊಬ್ಬಳೂ ನನ್ನ ಪಕ್ಕ ಯಾರು ಅಂತ ಕೇಳ್ತಾಳೆ. ನೀನು ಕೈ ಎತ್ತು. ಉಳಿದದ್ದು ನನಗೆ ಬಿಡು."

ಶೈಜ ರವಿಕೆ ಮಾತ್ರ ಇಸಿದುಕೊಂಡಳು.

ಅಲ್ಲಿಂದ ನೇರ ಪ್ರಸೀತಳ ಮನೆ. ಸುನಿಲ ಗೋಡೆ ಕಡೆ ತಿರುಗಿ ಮಲಗಿದ್ದ. ಪ್ರಸೀತ ಮೀನು ಹೆಚ್ಚುತ್ತಿದ್ದಳು, ತಲೆ ಎತ್ತಲಿಲ್ಲ.

"ಬರ್ತೀನಿ, ಕುಣೀತೀನಿ. ಅದಕ್ಕಿಂತ ಹೆಚ್ಚು ಕೇಳಬೇಡಿ ನಳಿನೇಚಿ. ಕೈಲಿ ಕತ್ತಿ ಇದೆ."

ನಳಿನಿ ಹೆಚ್ಚು ಕೇಳದೆ ಹೊರಗೆ ಬಂದಳು.

ಮರುದಿನ ಮಧ್ಯಾಹ್ನದ ಊಟ ಮುಗಿಸಿ ಜನ ಸೇರಿದರು. ಗೇಟಿಗೆ ಪೊಲೀಸ್ ಜೀಪು. ನಮ್ಮ ಗಂಡಸರು ಮಾವಿನ ಮರದ ಕೆಳಗೆ, ಅವರು ಬಾವಿಯ ಹತ್ತಿರ. ಎಲ್ಲರೂ ಮುಂಡು ಮೇಲೆತ್ತಿ ಕಟ್ಟಿ ಹೊಡೆದಾಟಕ್ಕೆ ಸಿದ್ಧ ನಿಂತಿದ್ದರು. ಹನ್ನೆರಡು ಹೆಂಗಸರು ಬಂದರು. ತಿರುವಿ ಹಾಕಿದ ರವಿಕೆ, ಭುಜದ ಮೇಲೆ ಹೊಲಿಗೆ, ಕಂಕುಳಲ್ಲಿ ದಾರದ ಎಳೆ. ಯಾರೋ ನಕ್ಕರು. ಎರಡೂ ಕಡೆಯಿಂದ ನಗು ಬಂತು, ಮತ್ತೆ ನಿಂತಿತು.

ಕೈಕೊಟ್ಟಿಕಳಿಯಲ್ಲಿ ಮುಂದಾಳು ಒಂದು ಸಾಲು ಹಾಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹಾಡಿ ಹೆಜ್ಜೆ ಹಾಕುತ್ತಾರೆ. ಅವಳು ಮುಂದಿನ ಸಾಲು ಎತ್ತುವವರೆಗೆ ಯಾರೂ ಮುಂದಕ್ಕೆ ಹೋಗುವ ಹಾಗಿಲ್ಲ. ನಳಿನಿ ದೀಪದ ಹತ್ತಿರ ನಿಂತು ಶುರುಮಾಡಿದಳು. ಮೊದಲೆರಡು ಸುತ್ತು ಬರೀ ಹೆಜ್ಜೆ. ಮೂರನೆಯದಕ್ಕೆ ಪಕ್ಕಕ್ಕೆ ತಿರುಗಿ ತಟ್ಟುವ ಸಾಲು ಬಂತು. ಐದು ಜೋಡಿ ಕೈ ಸೇರಿದವು. ಶೈಜ ಕೈ ಎತ್ತಿದಳು. ಪ್ರಸೀತಳ ಕೈ ಸೊಂಟದಿಂದ ಏಳಲಿಲ್ಲ.

ಬಾವಿಯ ಹತ್ತಿರ ಯಾರೋ ಕ್ಯಾಕರಿಸಿ ಉಗುಳಿದರು.

ನಳಿನಿ ಮುಂದಿನ ಸಾಲಿಗೆ ಹೋಗಲಿಲ್ಲ. ಅದೇ ಸಾಲು ಮತ್ತೆ ಹಾಡಿದಳು. ಐದು ಜೋಡಿ ತಟ್ಟಿತು, ಒಂದು ಕೈ ಗಾಳಿಯಲ್ಲಿ ಉಳಿಯಿತು. ಮತ್ತೆ ಹಾಡಿದಳು. ವೇದಿಕೆಯ ಮೇಲಿಂದ ರಾಘವನ್ ಮಾಷ್ ಮುಂದೆ ಹೋಗು, ಮುಂದೆ ಹೋಗು ಅಂತ ಕೈಬೀಸಿದರು. ಅವಳು ಅತ್ತ ನೋಡಲೇ ಇಲ್ಲ. ಹೆಂಗಸರ ಬೆನ್ನ ಮೇಲೆ ಬೆವರು ಒಡೆದು ಬಿಳಿ ಲೈನಿಂಗಿನ ಅಡಿಯಿಂದ ಕೆಂಪು ಇಣುಕಿತು. ಮಾವಿನ ಮರದ ಕೆಳಗಿಂದ ನಮ್ಮವನೊಬ್ಬ, "ಸಾಕು ಮಾಡ್ರೇ," ಅಂದ. ಬಾವಿಯ ಕಡೆಯವರು ನಾಲ್ಕು ಹೆಜ್ಜೆ ಮುಂದೆ ಬಂದರು. ಪೊಲೀಸಿನವನು ಜೀಪಿನಿಂದ ಇಳಿದ. ನಳಿನಿಯ ಗಂಟಲು ಸೀಳಿತು. ಸೀಳಿದ ದನಿಯಲ್ಲೇ ಅದೇ ಸಾಲು. ಶೈಜ ಎತ್ತಿದ ಕೈ ಇಳಿಸಲಿಲ್ಲ.

ಆಗ ಪ್ರಸೀತ ಹೊಡೆದಳು. ತಟ್ಟಿದಳು ಅಂದರೆ ಸುಳ್ಳಾಗುತ್ತದೆ. ಪೂರ್ತಿ ತೋಳು ಬೀಸಿ ಅಂಗೈಗೆ ಹೊಡೆದಳು. ಪಟಾಕಿ ಸಿಡಿದ ಹಾಗೆ ಸದ್ದು ಮೈಕಿನಲ್ಲಿ ಕೇಳಿತು. ಶೈಜ ಅರ್ಧ ಹೆಜ್ಜೆ ಹಿಂದೆ ಹೋಗಿ ಮತ್ತೆ ಜಾಗಕ್ಕೆ ಬಂದು ನಿಂತಳು.

ನಳಿನಿ ಮುಂದಿನ ಸಾಲು ಎತ್ತಿದಳು. ಅದರಲ್ಲೂ ತಟ್ಟುವುದಿತ್ತು. ಪ್ರಸೀತ ಮತ್ತೆ ಹೊಡೆದಳು. ಈ ಸಲ ಶೈಜಳೂ ಬಿಡಲಿಲ್ಲ.

ಕುಣಿತ ಮುಗಿಯುವ ಹೊತ್ತಿಗೆ ಇಬ್ಬರ ಅಂಗೈಯೂ ಊದಿತ್ತು. ಇಬ್ಬರೂ ಮಾತಾಡಲಿಲ್ಲ. ಇವತ್ತಿನವರೆಗೂ ಆಡಿಲ್ಲ. ಕೇಸು ನಡೆಯಿತು. ಪ್ರಸೀತ ಕೋರ್ಟಿನಲ್ಲಿ ಶೈಜಳ ಅಣ್ಣನ ಕಡೆ ಬೆರಳು ತೋರಿಸಿ ಸಾಕ್ಷಿ ಹೇಳಿದಳು, ಅವನಿಗೆ ಶಿಕ್ಷೆಯೂ ಆಯಿತು. ಪಡುವಲಿನ ಚಪ್ಪರವನ್ನು ಮಾತ್ರ ಬಳಸದೆಯೇ ಬಿಚ್ಚಿದರು.

ಗಂಟಲು ಕಟ್ಟಿ ನಳಿನಿ ಆ ವಾರವೆಲ್ಲ ಶೆಡ್ಡಿನಲ್ಲಿ ಮೂಕಿಯಾಗಿ ಎಲೆ ಸುತ್ತಿದಳು. ದನಿ ಬಂದ ದಿನ ನಾನು ಕೇಳಿದೆ, "ಪ್ರಸೀತ ಕೈ ಎತ್ತದೇ ಹೋಗಿದ್ರೆ ಏನ್ ಮಾಡ್ತಿದ್ದೆ?"

"ಹಾಡ್ತಿದ್ದೆ," ಅಂದಳು. "ನೀನು ಎಲೆ ನೋಡ್ಕೋ. ಎಲ್ಲಾ ಸಡಿಲ ಕಟ್ತಿದ್ದೀಯ."